ಆಡುತ್ತಿರುವ ಮಗುವಿಗೆ ಯಾಕೆ ಸೂಜಿ, ಯಾಕೆ ತಪಾಸಣೆ?

ಪ್ರಶ್ನೆ: ನಾವು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯವರು. ನನಗೆ ಇಬ್ಬರು ಮಕ್ಕಳು. ದೊಡ್ಡವಳಿಗೆ ಐದು ತುಂಬಿದೆ, ಅಂಗನವಾಡಿಗೆ ಹೋಗುತ್ತಾಳೆ. ಚಿಕ್ಕವನಿಗೆ ಹದಿನಾಲ್ಕು ತಿಂಗಳು. ಮೂರೂವರೆ ತಿಂಗಳ ಇಂಜೆಕ್ಷನ್ ಹಾಕಿಸಿದ ದಿನ ಅವನಿಗೆ ಜೋರು ಜ್ವರ ಬಂತು. ತೊಡೆ ಊದಿ ಗಟ್ಟಿಯಾಯಿತು, ರಾತ್ರಿಯೆಲ್ಲ ಅತ್ತ. ಅವತ್ತೇ ನಮ್ಮ ಅತ್ತೆ, ಇನ್ನು ನನ್ನ ಮೊಮ್ಮಗನಿಗೆ ಸೂಜಿ ಚುಚ್ಚಿಸೋ ಹಾಗಿಲ್ಲ ಅಂದುಬಿಟ್ಟರು. ಒಂಬತ್ತು ತಿಂಗಳಿಗೆ ಕರೆದಾಗ ಅವನಿಗೆ ನೆಗಡಿ ಇತ್ತು, ಹೋಗಲಿಲ್ಲ. ಆಮೇಲೆ ಹೋಗಲು ಬಿಡಲೇ ಇಲ್ಲ. ಐದು ಮಕ್ಕಳನ್ನು ಸೂಜಿ ಇಲ್ಲದೆ ಸಾಕಿದೀನಿ ಅಂತಾರೆ. ನಮ್ಮ ಯಜಮಾನರು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ದಡಾರದ ಲಸಿಕೆ ಹಾಕಿಸಿದರೆ ಮಕ್ಕಳಿಗೆ ಆಟಿಸಂ ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದು ಅದರಲ್ಲಿ ಇದೆ. ಆಶಾ ಅಕ್ಕ ಬಂದು ಬಂದು ಬೇಸತ್ತು, ಹಾಕಿಸದಿದ್ದರೆ ಶಾಲೆಗೆ ಸೇರಿಸಿಕೊಳ್ಳಲ್ಲ, ರೇಷನ್ನೂ ನಿಲ್ಲುತ್ತೆ ಅಂದರು. ಅವರಿಗೆ ದುಡ್ಡು ಸಿಗುತ್ತೆ, ಅದಕ್ಕೇ ಹಿಂದೆ ಬಿದ್ದಿದ್ದಾರೆ ಅಂತ ಮನೆಯವರು ಹೇಳುತ್ತಾರೆ. ಇದೆಲ್ಲ ನಿಜವೇ?

ಇನ್ನೊಂದು ವಿಷಯ. ನಾಲ್ಕು ತಿಂಗಳ ಹಿಂದೆ ಅಂಗನವಾಡಿಗೆ ಡಾಕ್ಟರ್ ತಂಡ ಬಂದಾಗ ಮಗಳ ಎದೆ ಪರೀಕ್ಷೆ ಮಾಡಿ, ಹೃದಯದಲ್ಲಿ ಸದ್ದು ಇದೆ, ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಚೀಟಿ ಬರೆದುಕೊಟ್ಟರು. ಮಗು ಆರಾಮಾಗಿ ಆಡಿಕೊಂಡಿದೆ. ಹೆಣ್ಣುಮಗು, ಊರಿಗೆಲ್ಲ ಗೊತ್ತಾದರೆ ನಾಳೆ ಮದುವೆಗೆ ತೊಂದರೆ ಎಂದು ಮನೆಯಲ್ಲಿ ಸುಮ್ಮನಾಗಿದ್ದಾರೆ. ಚೀಟಿ ಬೀರುವಿನಲ್ಲಿದೆ. ನಾನೇನು ಮಾಡಲಿ?

ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಮುಕ್ಕಾಲು ಪಾಲು ಮಗನ ಲಸಿಕೆಯದ್ದು. ಮಗಳ ಚೀಟಿಯ ಸಂಗತಿ ಕೊನೆಗೆ ನಾಲ್ಕು ಸಾಲಿನಲ್ಲಿ ಮುಗಿದಿದೆ. ನಾನು ಆ ನಾಲ್ಕು ಸಾಲಿನಿಂದಲೇ ಶುರು ಮಾಡುತ್ತೇನೆ. ಮಗನಿಗೆ ಏನು ಬಾಕಿ ಇದೆ ಎಂಬುದು ನಿಮಗೆ ಗೊತ್ತಿದೆ, ತಡವಾಗಿದೆ ಅಷ್ಟೆ. ಮಗಳಿಗೆ ಏನಾಗಿದೆ, ಏನೂ ಆಗಿಲ್ಲವೇ ಎಂಬುದೇ ಗೊತ್ತಿಲ್ಲದೆ ನಾಲ್ಕು ತಿಂಗಳು ಹೋಗಿದೆ.

ಮೊದಲು ಧೈರ್ಯ ತಂದುಕೊಳ್ಳಿ. ಹೃದಯದಲ್ಲಿ ಸದ್ದು ಕೇಳಿಸಿತು ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದು ಅರ್ಥವಲ್ಲ. ಬೆಳೆಯುವ ವಯಸ್ಸಿನ ಎಷ್ಟೋ ಆರೋಗ್ಯವಂತ ಮಕ್ಕಳಲ್ಲಿ ಸ್ಟೆತಸ್ಕೋಪ್ ಇಟ್ಟರೆ ಇಂಥ ಸದ್ದು ಕೇಳುತ್ತದೆ. ಜ್ವರ ಇದ್ದಾಗ, ರಕ್ತ ಕಡಿಮೆ ಇದ್ದಾಗ ಇನ್ನೂ ಜೋರಾಗಿ ಕೇಳುತ್ತದೆ. ವಯಸ್ಸಾದಂತೆ ತಾನಾಗಿಯೇ ಹೋಗುತ್ತದೆ, ಚಿಕಿತ್ಸೆ ಏನೂ ಬೇಕಾಗುವುದಿಲ್ಲ. ಆದರೆ ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳಿಗೆ ಹೃದಯದ ರಚನೆಯಲ್ಲೇ ದೋಷ ಇರುತ್ತದೆ. ನಿಮ್ಮ ಮಗಳು ಯಾವ ಗುಂಪಿನವಳು ಎಂದು ಹೇಳಬೇಕಾದರೆ ಎಕೋ ಪರೀಕ್ಷೆ ಮಾಡಬೇಕು. ಅದರಲ್ಲಿ ಸೂಜಿ ಇಲ್ಲ, ನೋವಿಲ್ಲ. ನೀವು ಬಸುರಿಯಾಗಿದ್ದಾಗ ಹೊಟ್ಟೆಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರಲ್ಲ, ಅಂಥದ್ದನ್ನೇ ಮಗುವಿನ ಎದೆಯ ಮೇಲೆ ಮಾಡುತ್ತಾರೆ. ಏನೂ ಇಲ್ಲ ಎಂದು ಬಂದರೆ ಅವತ್ತೇ ನಿಮ್ಮ ಮನೆಯ ಭಯ ಮುಗಿಯಿತು.

ಏನಾದರೂ ಇದ್ದರೆ? ಆಗ ತಿಳಿದುಕೊಂಡದ್ದೇ ಒಳ್ಳೆಯದಾಯಿತು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ ಇರುವ ಮಗು ಬಾಲ್ಯವಿಡೀ ಓಡಿಯಾಡಿಕೊಂಡೇ ಇರಬಹುದು. ತುಟಿ ನೀಲಿಯಾಗುವುದಿಲ್ಲ, ಏದುಸಿರು ಬರುವುದಿಲ್ಲ. ಒಳಗೆ ಮಾತ್ರ ಶ್ವಾಸಕೋಶಕ್ಕೆ ಹೋಗಬೇಕಾದದ್ದಕ್ಕಿಂತ ಹೆಚ್ಚು ರಕ್ತ ಹೋಗುತ್ತಲೇ ಇರುತ್ತದೆ. ವರ್ಷಗಳು ಕಳೆದಂತೆ ಅಲ್ಲಿನ ರಕ್ತನಾಳಗಳ ಒತ್ತಡ ಏರಬಹುದು. ಅದು ಒಂದು ಮಟ್ಟ ದಾಟಿದ ಮೇಲೆ ರಂಧ್ರ ಮುಚ್ಚಿದರೂ ಪ್ರಯೋಜನವಿಲ್ಲದ ಸ್ಥಿತಿ ಬರುತ್ತದೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಹೃದಯದೋಷ ಮೊದಲ ಸಲ ಪತ್ತೆಯಾಗುವುದು ಮದುವೆಯಾಗಿ ಬಸುರಿಯಾದ ಮೇಲೆ. ಬಸುರಿನಲ್ಲಿ ದೇಹದ ರಕ್ತದ ಪ್ರಮಾಣ ಹೆಚ್ಚಿ ಹೃದಯಕ್ಕೆ ಕೆಲಸ ಜಾಸ್ತಿಯಾದಾಗ ಅದು ಹೊರಗೆ ಬೀಳುತ್ತದೆ. ಆಗ ಅಪಾಯ ಇಬ್ಬರ ಜೀವಕ್ಕೆ. ಮದುವೆಯ ಚಿಂತೆ ನಿಮ್ಮ ಮನೆಯವರಿಗೆ ನಿಜವಾಗಿ ಇದ್ದರೆ, ಆ ಚಿಂತೆಯೇ ಹುಡುಗಿಯನ್ನು ಈಗ ಆಸ್ಪತ್ರೆಗೆ ಕರೆದುಕೊಂಡು ಹೋಗಲು ದೊಡ್ಡ ಕಾರಣ. ಐದು ವರ್ಷದಲ್ಲಿ ಸರಿಪಡಿಸಿದ ಹೃದಯ ಇಪ್ಪತ್ತೈದು ವರ್ಷಕ್ಕೆ ಬಹುಪಾಲು ಎಲ್ಲರ ಹೃದಯದಂತೆಯೇ ಇರುತ್ತದೆ. ಕೆಲವು ರಂಧ್ರಗಳಿಗೆ ಈಗ ಎದೆ ತೆರೆಯುವುದೂ ಬೇಡ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ ಮುಚ್ಚುತ್ತಾರೆ.

ಖರ್ಚಿನ ಮಾತು ನೀವು ಬರೆದಿಲ್ಲ. ಆದರೂ ಚೀಟಿ ಬೀರು ಸೇರಲು ಅದೂ ಒಂದು ಕಾರಣ ಇರಬಹುದು ಎಂದು ನನ್ನ ಊಹೆ. ಅಂಗನವಾಡಿಗೆ ಬಂದ ತಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಊರ ಕಡೆ ಆರ್‌ಬಿಎಸ್‌ಕೆ ಎನ್ನುತ್ತಾರೆ. 2013ರಲ್ಲಿ ಶುರುವಾದ ಇದು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಯ ಮಕ್ಕಳನ್ನು ಒಂದು ಸಲ ನೋಡಬೇಕು ಎಂಬುದು ನಿಯಮ. ಹುಟ್ಟಿನಿಂದ ಬಂದ ದೋಷ, ಕಾಯಿಲೆ, ಪೌಷ್ಟಿಕಾಂಶದ ಕೊರತೆ, ಬೆಳವಣಿಗೆಯಲ್ಲಿ ಹಿಂದುಳಿಯುವುದು ಇವನ್ನು ಅವರು ಹುಡುಕುತ್ತಾರೆ. ಕಿವಿ ಕೇಳದ ಮಗು, ಕಣ್ಣು ಮಬ್ಬಾದ ಮಗು, ಸೀಳುತುಟಿಯ ಮಗು, ಒಳತಿರುಗಿದ ಪಾದದ ಮಗು ಎಲ್ಲರೂ ಇದರಲ್ಲಿ ಸೇರುತ್ತಾರೆ. ಪತ್ತೆಯಾದ ಮೇಲೆ ಮುಂದಿನ ಪರೀಕ್ಷೆಯನ್ನೂ, ಬೇಕಾದರೆ ಶಸ್ತ್ರಚಿಕಿತ್ಸೆಯನ್ನೂ ಉಚಿತವಾಗಿ ಮಾಡಿಸುವುದು ಯೋಜನೆಯ ಭಾಗವೇ. ನಿಮ್ಮ ಬೀರುವಿನಲ್ಲಿರುವ ಚೀಟಿ ಆ ಉಚಿತ ಚಿಕಿತ್ಸೆಗೆ ದಾರಿ. ಅದನ್ನೂ ಮಗಳ ಆಧಾರ್, ನಿಮ್ಮ ರೇಷನ್ ಕಾರ್ಡನ್ನೂ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗಿ, ಆರ್‌ಬಿಎಸ್‌ಕೆ ವಿಭಾಗ ಎಲ್ಲಿ ಎಂದು ಕೇಳಿ. ದೊಡ್ಡ ಚಿಕಿತ್ಸೆ ಬೇಕೆಂದರೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗೆ ಅಲ್ಲಿಂದಲೇ ಬರೆದುಕೊಡುತ್ತಾರೆ. ದಾರಿ ತಿಳಿಯದಿದ್ದರೆ 104ಕ್ಕೆ ಫೋನ್ ಮಾಡಿ. ಆರೋಗ್ಯ ಸಹಾಯವಾಣಿ ಅದು.

ಆಡುತ್ತಾ ಆಡುತ್ತಾ ಮಗು ಕುಕ್ಕರಗಾಲಿನಲ್ಲಿ ಕುಳಿತುಬಿಡುವುದು, ಓಡಿದಾಗ ಬೇರೆ ಮಕ್ಕಳಿಗಿಂತ ಬೇಗ ಏದುಸಿರು ಬರುವುದು, ತುಟಿ ಉಗುರು ನೀಲಿಗಟ್ಟುವುದು, ಮೇಲಿಂದ ಮೇಲೆ ನ್ಯುಮೋನಿಯಾ ಆಗುವುದು, ತೂಕ ಏರದೆ ಇರುವುದು, ಇವುಗಳಲ್ಲಿ ಒಂದು ಕಂಡಿದ್ದರೂ ಒಂದು ದಿನವೂ ಕಾಯಬೇಡಿ.

ಇಲ್ಲಿ ನನ್ನ ಅಸಮಾಧಾನವನ್ನೂ ಹೇಳಬೇಕು. ಮಕ್ಕಳನ್ನು ಹುಡುಕಿಕೊಂಡು ಅಂಗನವಾಡಿಗೇ ಡಾಕ್ಟರು ಬರುವುದು ಬಹಳ ದೊಡ್ಡ ಕೆಲಸ. ಆದರೆ ತಾಯಿಯ ಕೈಗೆ ಚೀಟಿ ಕೊಟ್ಟು, ಇದರ ಅರ್ಥ ಏನು, ಎಲ್ಲಿಗೆ ಹೋಗಬೇಕು, ಎಷ್ಟು ಖರ್ಚು, ಯಾರು ಜೊತೆಗೆ ಬರುತ್ತಾರೆ ಎಂದು ಹತ್ತು ನಿಮಿಷ ಕೂತು ಹೇಳದಿದ್ದರೆ ತಪಾಸಣೆ ಅರ್ಧಕ್ಕೇ ನಿಲ್ಲುತ್ತದೆ. ಎಷ್ಟು ಮಕ್ಕಳನ್ನು ನೋಡಿದೆವು ಎಂಬ ಲೆಕ್ಕದ ಜೊತೆಗೆ, ಚೀಟಿ ಪಡೆದವರಲ್ಲಿ ಎಷ್ಟು ಮಕ್ಕಳು ಆಸ್ಪತ್ರೆ ಮುಟ್ಟಿದರು ಎಂಬ ಲೆಕ್ಕವನ್ನೂ ಪ್ರತಿ ತಾಲ್ಲೂಕು ಕೇಳಿಕೊಳ್ಳಬೇಕು. ನಾಲ್ಕು ತಿಂಗಳು ಯಾರೂ ಬಂದು ವಿಚಾರಿಸಲಿಲ್ಲ ಎಂದಾದರೆ ಅದರ ಹೊಣೆ ನಿಮ್ಮೊಬ್ಬರ ತಲೆಯ ಮೇಲಿಲ್ಲ.

ಇನ್ನು ಮಗನ ವಿಷಯ. ಮೂರೂವರೆ ತಿಂಗಳಿಗೆ ಅವನಿಗೆ ಹಾಕಿದವುಗಳಲ್ಲಿ ಪೆಂಟಾವೇಲೆಂಟ್ ಒಂದು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ ಮತ್ತು ಮಿದುಳುಪೊರೆಯ ಉರಿಯೂತ, ಈ ಐದಕ್ಕೂ ಅದೊಂದೇ ಸೂಜಿ. ಅದರಲ್ಲಿರುವ ನಾಯಿಕೆಮ್ಮಿನ ಭಾಗಕ್ಕೆ ದೇಹ ಜೋರಾಗಿ ಸ್ಪಂದಿಸುತ್ತದೆ. ಅವತ್ತೇ ಜ್ವರ, ತೊಡೆ ಕೆಂಪಾಗಿ ಊದುವುದು, ಅಳು, ಒಂದೆರಡು ದಿನದಲ್ಲಿ ಇಳಿಯುವುದು, ಇದು ಬಹಳ ಮಕ್ಕಳಲ್ಲಿ ಕಾಣುವ ಸಂಗತಿ. ಗಟ್ಟಿಯಾದ ಗಂಟು ಕೆಲವು ವಾರ ಉಳಿಯಲೂಬಹುದು. ಅಷ್ಟಕ್ಕೇ ಮುಂದಿನ ಲಸಿಕೆ ನಿಲ್ಲಿಸಬೇಕಿಲ್ಲ. ಅವನಿಗೆ ಫಿಟ್ಸ್ ಬಂದಿದ್ದರೆ, ಮೈ ಬಿಳಿಚಿ ಸಡಿಲವಾಗಿದ್ದರೆ, ಉಸಿರಾಟಕ್ಕೆ ತೊಂದರೆಯಾಗಿದ್ದರೆ, ಮೂರು ಗಂಟೆ ಬಿಡದೆ ಕಿರುಚಿ ಅತ್ತಿದ್ದರೆ ಮಾತ್ರ ಅದನ್ನು ಮೊದಲೇ ವೈದ್ಯರಿಗೆ ಹೇಳಿ, ಅವರು ನಿರ್ಧರಿಸಲಿ. ರಾತ್ರಿಯೆಲ್ಲ ಅತ್ತ ಎಂದು ಬರೆದಿದ್ದೀರಿ. ನಡುನಡುವೆ ಹಾಲು ಕುಡಿದು ಮಲಗುತ್ತಿದ್ದನೋ, ಒಂದೇ ಸಮನೆ ಕಿರುಚುತ್ತಿದ್ದನೋ ನೆನಪು ಮಾಡಿಕೊಂಡು ಅದನ್ನೂ ಹೇಳಿ.

ಈಗ ಅವನಿಗೆ ಬಾಕಿ ಇರುವ ಮುಖ್ಯ ಲಸಿಕೆ ದಡಾರ-ರುಬೆಲ್ಲಾ. ಅದು ನಾಯಿಕೆಮ್ಮಿನ ಲಸಿಕೆಯ ಜಾತಿಯದ್ದೇ ಅಲ್ಲ. ಹಾಕಿಸಿದ ದಿನ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಒಂದು ವಾರದಿಂದ ಹನ್ನೆರಡು ದಿನದ ನಡುವೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ಮೈಮೇಲೆ ತೆಳುವಾದ ಗಂದೆ ಬಂದು ಹೋಗುತ್ತದೆ. ಇದನ್ನು ಅತ್ತೆಗೆ ಮೊದಲೇ ಹೇಳಿಟ್ಟಿರಿ. ಮೊದಲೇ ತಿಳಿದಿದ್ದ ಜ್ವರ ಮನೆಯನ್ನು ಅಷ್ಟಾಗಿ ಹೆದರಿಸುವುದಿಲ್ಲ. ಜೊತೆಗೆ ನ್ಯುಮೋಕಾಕಸ್ ಲಸಿಕೆಯ ಬೂಸ್ಟರ್, ಪೋಲಿಯೋ ಇಂಜೆಕ್ಷನ್, ವಿಟಮಿನ್ ಎ ದ್ರಾವಣ, ನಿಮ್ಮ ಜಿಲ್ಲೆಯಲ್ಲಿ ಕೊಡುತ್ತಿದ್ದರೆ ಮಿದುಳುಜ್ವರದ ಲಸಿಕೆ, ಇವುಗಳಲ್ಲಿ ಯಾವುದು ಈಗ, ಯಾವುದು ಆಮೇಲೆ ಎಂಬುದನ್ನು ಲಸಿಕೆ ಹಾಕುವ ಸಿಸ್ಟರ್ ನಿಮ್ಮ ತಾಯಿ ಕಾರ್ಡ್ ನೋಡಿ ಹೇಳುತ್ತಾರೆ. ಹಳೆಯದನ್ನೆಲ್ಲ ಮೊದಲಿನಿಂದ ಹಾಕಿಸಬೇಕಾಗುತ್ತದೆ ಎಂಬ ಭಯ ಬೇಡ, ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಾರೆ. ಹದಿನಾರು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾದ ಎರಡನೆಯ ಡೋಸ್. ಎರಡರ ನಡುವೆ ಕನಿಷ್ಠ ಒಂದು ತಿಂಗಳ ಅಂತರ ಬೇಕು, ಅದು ನಿಮಗೆ ಸರಿಯಾಗಿಯೇ ಸಿಗುತ್ತದೆ. ಒಂಬತ್ತು ತಿಂಗಳಿಗೆ ನೆಗಡಿ ಇತ್ತು ಎಂದು ಬಿಟ್ಟಿರಿ. ನೆಗಡಿ, ಸಣ್ಣ ಕೆಮ್ಮು, ಮೈ ಬೆಚ್ಚಗಿರುವುದು ಲಸಿಕೆಗೆ ಅಡ್ಡಿಯಲ್ಲ. ಮಕ್ಕಳ ಮೂಗು ಸೋರದ ವಾರ ಯಾವುದಿದೆ?

ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ತೀವ್ರ ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದರ ಆಸುಪಾಸು ಆಗಬಹುದು. ಆದರೂ ಅದು ಆಗುವುದು ಬಹುತೇಕ ಆ ಅರ್ಧ ಗಂಟೆಯೊಳಗೆ, ಮತ್ತು ಅದಕ್ಕೆ ಔಷಧಿ ಅಲ್ಲೇ ಇರುತ್ತದೆ. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಎಂದು ಮಗುವಿನ ತೂಕ ಹೇಳಿ ಕೇಳಿಕೊಳ್ಳಿ. ಚುಚ್ಚಿದ ಜಾಗವನ್ನು ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ, ಅರಿಶಿನ ಮೆತ್ತಬೇಡಿ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆ ಇಟ್ಟರೆ ಸಾಕು.

ದಡಾರಕ್ಕೆ ಇಷ್ಟು ಒತ್ತಾಯ ಯಾಕೆ? ಅಷ್ಟು ಬೇಗ ಹರಡುವ ಕಾಯಿಲೆ ಇನ್ನೊಂದು ಸಿಗುವುದು ಕಷ್ಟ. ಲಸಿಕೆ ಇಲ್ಲದ ಊರಿನಲ್ಲಿ ಒಬ್ಬರಿಂದ ಹನ್ನೆರಡರಿಂದ ಹದಿನೆಂಟು ಜನಕ್ಕೆ ಹಬ್ಬುತ್ತದೆ. ಅದನ್ನು ತಡೆಯಲು ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ಗಂದೆ ಇಳಿದ ಮೇಲೂ ಅದರ ಪೆಟ್ಟು ಮುಗಿಯುವುದಿಲ್ಲ. ದೇಹ ಅಷ್ಟು ದಿನ ಬೇರೆ ಬೇರೆ ರೋಗಗಳ ವಿರುದ್ಧ ಕಲಿತಿಟ್ಟುಕೊಂಡ ರಕ್ಷಣೆಯ ಒಂದು ಪಾಲನ್ನು ದಡಾರದ ವೈರಸ್ ಅಳಿಸಿಹಾಕುತ್ತದೆ. ದಡಾರ ಬಂದು ಹೋದ ಮಗು ತಿಂಗಳುಗಟ್ಟಲೆ ಭೇದಿ, ನ್ಯುಮೋನಿಯಾ ಎಂದು ನರಳುವುದು ಇದರಿಂದ. ದಡಾರ ಬಂದವರಲ್ಲಿ ಸಾವಿರಕ್ಕೊಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ.

ರುಬೆಲ್ಲಾದ ಕಥೆ ಬೇರೆ. ಮಗುವಿಗೆ ಬಂದರೆ ಮೂರು ದಿನದ ಗಂದೆ, ಅಷ್ಟೆ. ಅದೇ ವೈರಸ್ ಮೂರು ತಿಂಗಳೊಳಗಿನ ಬಸುರಿಗೆ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಕಿವುಡು, ಕಣ್ಣಿನ ಪೊರೆ ಮತ್ತು ಹೃದಯದಲ್ಲಿ ದೋಷ ಬರಬಹುದು. ಹೃದಯದ ಚೀಟಿ ಹಿಡಿದು ಆಸ್ಪತ್ರೆಗೆ ಅಲೆಯುವ ಸಂಕಟ ಏನೆಂದು ನಿಮಗೆ ಈಗ ಗೊತ್ತು. ನಿಮ್ಮ ಮಗನಿಗೆ ಹಾಕಿಸುವ ಲಸಿಕೆ ನಿಮ್ಮ ಓಣಿಯ ಯಾವುದೋ ಬಸುರಿಗೆ ಆ ಸಂಕಟ ತಪ್ಪಿಸುತ್ತದೆ. ಗಂಡುಮಕ್ಕಳಿಗೂ ಇದನ್ನು ಹಾಕುವುದು ಅದಕ್ಕೇ.

ಯಜಮಾನರ ವಿಡಿಯೋಗೆ ಉತ್ತರ ಇದು. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರು ಹನ್ನೆರಡು ಮಕ್ಕಳನ್ನು ಇಟ್ಟುಕೊಂಡು ದಡಾರದ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಅನುಮಾನ ಹುಟ್ಟಿಸುವ ಲೇಖನ ಬರೆದರು. ಮಕ್ಕಳ ವಿವರಗಳನ್ನು ತಿರುಚಿದ್ದು ಬಯಲಾಯಿತು. ಅದನ್ನು ಪ್ರಕಟಿಸಿದ ದಿ ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಲೇಖನವನ್ನು ವಾಪಸ್ ಪಡೆಯಿತು, ಅದೇ ವರ್ಷ ಅವರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಿದರು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಸಿಕೆ ಪಡೆದವರಿಗೂ ಪಡೆಯದವರಿಗೂ ಆಟಿಸಂನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಟಿಸಂನ ಲಕ್ಷಣ ತಂದೆತಾಯಿಯ ಕಣ್ಣಿಗೆ ಬೀಳುವುದು ಒಂದೂವರೆ ವರ್ಷದ ಹೊತ್ತಿಗೆ, ಮಗು ಮಾತಾಡಬೇಕಾದ ಕಾಲಕ್ಕೆ. ಲಸಿಕೆಯ ಕಾಲವೂ ಅದೇ ಆದ್ದರಿಂದ ಮನಸ್ಸು ಎರಡನ್ನೂ ಗಂಟುಹಾಕುತ್ತದೆ. ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಎಲ್ಲ ಮಕ್ಕಳಿಗೆ ಈ ಲಸಿಕೆ ಹಾಕುವ ಅಭಿಯಾನ ನಡೆದಾಗಲೂ ಇಂಥದ್ದೇ ವಿಡಿಯೋಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದವು. ಅವತ್ತು ಲಸಿಕೆ ಪಡೆದ ಹದಿಹರೆಯದವರು ಇಂದು ಮದುವೆಯ ವಯಸ್ಸಿನವರು, ನಿಮ್ಮ ಊರಿನಲ್ಲೂ ಇದ್ದಾರೆ.

ಆಶಾ ಅಕ್ಕ ಹೇಳಿದ ಬೆದರಿಕೆಯ ಮಾತು ಸರಿಯಲ್ಲ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಉಚಿತ, ಆದರೆ ಕಾನೂನಿನಿಂದ ಕಡ್ಡಾಯವಲ್ಲ. ಫ್ರಾನ್ಸಿನಲ್ಲಿ 2018ರಲ್ಲಿ ಹನ್ನೊಂದು ಲಸಿಕೆಗಳನ್ನು ಕಡ್ಡಾಯ ಮಾಡಿದರು. ಆಸ್ಟ್ರೇಲಿಯಾದಲ್ಲಿ 2016ರಿಂದ ಲಸಿಕೆ ಹಾಕಿಸದವರಿಗೆ ಮಕ್ಕಳ ಹೆಸರಿನ ಕೆಲವು ಸರ್ಕಾರಿ ಹಣ ಸಿಗುವುದಿಲ್ಲ. ನಮ್ಮಲ್ಲಿ ಹಾಗಿಲ್ಲ, ಹಾಗಿರುವುದೂ ಬೇಡ ಎಂಬುದು ನನ್ನ ಅಭಿಪ್ರಾಯ. ರೇಷನ್ನಿನ ಹೆದರಿಕೆಗೆ ತೋಳು ಒಡ್ಡಿದ ಮನೆ ಮುಂದಿನ ಸಲ ಬಾಗಿಲು ಹಾಕಿಕೊಳ್ಳುತ್ತದೆ. ಆದರೆ ಆ ಹೆಣ್ಣುಮಗಳನ್ನು ತಪ್ಪು ತಿಳಿಯಬೇಡಿ. ಒಂದು ಮಗುವಿಗೆ ವರ್ಷದೊಳಗಿನ ಲಸಿಕೆಯೆಲ್ಲ ಹಾಕಿಸಿ ಮುಗಿಸಿದರೆ ಅವರಿಗೆ ಸಿಗುವ ಪ್ರೋತ್ಸಾಹಧನ ನೂರು ರೂಪಾಯಿಯ ಆಸುಪಾಸು. ಅಷ್ಟಕ್ಕೆ ಯಾರೂ ಬಿಸಿಲಿನಲ್ಲಿ ನಿಮ್ಮ ಮನೆ ಬಾಗಿಲಿಗೆ ಮತ್ತೆ ಮತ್ತೆ ಬರುವುದಿಲ್ಲ.

ಕೊನೆಗೆ ಅತ್ತೆ. ಇಲ್ಲಿ ವಾದ ಗೆಲ್ಲಲು ಹೋಗಬೇಡಿ. ಅವರು ಮೊಮ್ಮಗನ ಅಳು ನೋಡಲಾರದೆ ಹಾಗೆ ಹೇಳಿದವರು. ಸಂಜೆ ಸೊಪ್ಪು ಸೋಸುತ್ತಾ ಕುಳಿತಾಗ ಕೇಳಿ: ಅತ್ತೆ, ನಿಮ್ಮ ತಾಯಿ ಎಷ್ಟು ಹೆತ್ತಿದ್ದರು, ಎಷ್ಟು ಉಳಿದವು? ಆ ತಲೆಮಾರಿನ ಬಹುಪಾಲು ಮನೆಗಳಲ್ಲಿ ಈ ಎರಡು ಸಂಖ್ಯೆ ಒಂದೇ ಆಗಿರುವುದಿಲ್ಲ. ಅಮ್ಮ ಬಂದು ಹೋದ ತಮ್ಮ, ನಾಯಿಕೆಮ್ಮಿನಲ್ಲಿ ಉಸಿರುಕಟ್ಟಿದ ತಂಗಿ, ಹುಟ್ಟಿದ ವಾರದೊಳಗೆ ಸೆಟೆದುಕೊಂಡು ಹೋದ ಕೂಸು, ಹೆಸರಿಡುವ ಮೊದಲೇ ಹೋದವು ಅವರ ನೆನಪಿನಲ್ಲಿರುತ್ತವೆ. ದೇಶದಲ್ಲಿ 1990ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 126 ಮಕ್ಕಳು ಐದು ವರ್ಷ ಮುಟ್ಟುತ್ತಿರಲಿಲ್ಲ. 2020ರ ಹೊತ್ತಿಗೆ ಅದು 32ಕ್ಕೆ ಇಳಿಯಿತು. ಶುದ್ಧ ನೀರು, ಆಸ್ಪತ್ರೆಯ ಹೆರಿಗೆ, ಓಆರ್‌ಎಸ್, ಹೊಟ್ಟೆತುಂಬ ಊಟ ಎಲ್ಲಕ್ಕೂ ಅದರಲ್ಲಿ ಪಾಲಿದೆ, ಲಸಿಕೆಗೆ ದೊಡ್ಡ ಪಾಲಿದೆ. ದಡಾರ ಬಂದ ಮಗುವನ್ನು ಬೇರೆ ಮಲಗಿಸಿ, ಒಗ್ಗರಣೆ ನಿಲ್ಲಿಸಿ, ಬೇವಿನ ಸೊಪ್ಪು ಕಟ್ಟಿ, ಮೊಸರನ್ನ ತಿನ್ನಿಸಿ ಕಾದ ಹೆಂಗಸರು ಆ ಕಾಲದಲ್ಲಿ ಕೈಲಾದದ್ದನ್ನೆಲ್ಲ ಮಾಡಿದರು. ಹರಡದಂತೆ ದೂರ ಇಡಬೇಕು ಎಂಬ ಅವರ ತಿಳಿವಳಿಕೆ ಸರಿಯೇ ಇತ್ತು. ಅವರ ಕೈಯಲ್ಲಿ ಲಸಿಕೆ ಇರಲಿಲ್ಲ.

ಸೂಜಿ ದೊರೆಗಳ ಮನೆಗೂ ಹೊಸದಾಗಿಯೇ ಬಂದದ್ದು ಎಂಬುದನ್ನೂ ಅತ್ತೆಗೆ ಹೇಳಬಹುದು. 1805ರಲ್ಲಿ ಥಾಮಸ್ ಹಿಕಿ ಬರೆದ ಮೈಸೂರು ರಾಜಮನೆತನದ ಮೂವರು ಸ್ತ್ರೀಯರ ವರ್ಣಚಿತ್ರವೊಂದಿದೆ. ಅದರಲ್ಲಿ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಜನಕ್ಕೆ ತೋರಿಸಲೆಂದೇ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ವಾದ. ಸಿಡುಬು ಇವತ್ತು ಲೋಕದಲ್ಲೇ ಇಲ್ಲ. ಪ್ರಕೃತಿಯಲ್ಲಿ ಹರಡುವ ಪೋಲಿಯೋ ವೈರಸ್ಸಿನಿಂದ ಭಾರತದಲ್ಲಿ ಕೊನೆಯ ಮಗುವಿಗೆ ಪೋಲಿಯೋ ಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಅತ್ತೆಯನ್ನು ಮನೆಯಲ್ಲಿ ಬಿಟ್ಟು ಗುಟ್ಟಾಗಿ ಲಸಿಕೆ ಹಾಕಿಸಬೇಡಿ, ಜೊತೆಗೇ ಕರೆದುಕೊಂಡು ಹೋಗಿ. ಮಗುವನ್ನು ಅವರ ತೊಡೆಯ ಮೇಲೆಯೇ ಕೂರಿಸಿಕೊಳ್ಳಲಿ. ಏನು ಆಗಬಹುದು, ಎಷ್ಟು ದಿನ ಇರುತ್ತದೆ ಎಂದು ಸಿಸ್ಟರ್ ಬಾಯಿಂದಲೇ ಅವರು ಕೇಳಲಿ. ಮಗಳನ್ನೂ ಅವತ್ತೇ ಕರೆದೊಯ್ಯಿರಿ. ಅವಳಿಗೆ ಐದು ತುಂಬಿರುವುದರಿಂದ ಡಿಪಿಟಿ ಎರಡನೆಯ ಬೂಸ್ಟರ್ ಹಾಕಿಸುವ ವಯಸ್ಸು. ಆದರೆ ಹೃದಯದ ಚೀಟಿಯನ್ನು ಅಲ್ಲಿನ ವೈದ್ಯರಿಗೆ ಮೊದಲು ತೋರಿಸಿ.

ಈ ಅಂಕಣ ಓದುತ್ತಿರುವ ಬೇರೆ ತಂದೆತಾಯಂದಿರಿಗೂ ಒಂದು ಕೋರಿಕೆ. ನಿಮ್ಮ ಮಗುವಿನ ತಾಯಿ ಕಾರ್ಡ್ ತೆರೆದು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳ ಸಾಲಿನಲ್ಲಿ ತಾರೀಖು ಬರೆದಿದೆಯೇ ನೋಡಿ. ಖಾಲಿ ಇದ್ದರೆ ಮುಂದಿನ ಲಸಿಕೆಯ ದಿನವೇ ಉಪಕೇಂದ್ರಕ್ಕೆ ಹೋಗಿ. ದಡಾರ-ರುಬೆಲ್ಲಾವನ್ನು ಐದು ವರ್ಷ ತುಂಬುವವರೆಗೂ ಅಲ್ಲಿ ಉಚಿತವಾಗಿ ಹಾಕುತ್ತಾರೆ.